ಸ್ಕೂಲ್ ವ್ಯಾನ್ ಹೋಗಿ ಬರೋದರೊಳಗೆ ವರ್ಚುವಲ್ ಅಸಿಸ್ಟೆಂಟ್ ಕೆಲಸ: ನ್ಯೂಯಾರ್ಕೋ, ದುಬೈಯೋ?

ಜೆಪಿನಗರ_ಏಳನೇಹಂತ
ಮನೆಯಿಂದಲೇ ವರ್ಚುವಲ್ ಅಸಿಸ್ಟೆಂಟ್ ಕೆಲಸ ಶುರು ಮಾಡೋ ಯೋಚನೆ ಇದೆ. ಇಮೇಲ್ ನೋಡ್ಕೊಳ್ಳೋದು, ಕ್ಯಾಲೆಂಡರ್, ಇನ್‌ವಾಯ್ಸ್, ಟಿಕೆಟ್ ಬುಕಿಂಗ್ ಇಂಥವು. ಮಕ್ಕಳಿಬ್ಬರ ವ್ಯಾನ್ ಬೆಳಗ್ಗೆ 8.30ಕ್ಕೆ ಹೋದರೆ ಮಧ್ಯಾಹ್ನ 3.15ಕ್ಕೆ ವಾಪಸ್. ಎರಡು ಕಡೆ ಮಾತು ನಡೆದಿದೆ. ನ್ಯೂಯಾರ್ಕ್‌ನವರು ಗಂಟೆಗೆ 8 ಡಾಲರ್ ಅಂತಾರೆ, ಅವರ ಬೆಳಗ್ಗೆ 9ರಿಂದ 1ರವರೆಗೆ ಆನ್‌ಲೈನ್ ಇರಬೇಕು. ದುಬೈನವರು ಗಂಟೆಗೆ 22 ದಿರ್ಹಾಮ್, ಅವರದೂ 9ರಿಂದ 1. ಯಾವುದನ್ನ ಹಿಡಿಯೋದು? ಜಿಎಸ್‌ಟಿ ಮಾಡಿಸಲೇಬೇಕಾ?

ಕುಕ್ಕರ್_ಮೂರನೇವಿಷಲ್
ರೇಟು ಆಮೇಲೆ, ಮೊದಲು ಗಡಿಯಾರ ನೋಡಿ ಮೇಡಂ. ನ್ಯೂಯಾರ್ಕ್‌ನ ಬೆಳಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆವತ್ತಿನಿಂದ ಮಾರ್ಚ್ ಎರಡನೇ ಭಾನುವಾರದ ತನಕ ಅದು 7.30. ಅಂದರೆ ಚಳಿಗಾಲದಲ್ಲಿ ನಿಮ್ಮ ಕೆಲಸ ಮುಗಿಯೋದು ರಾತ್ರಿ 11.30ಕ್ಕೆ. ಹೋಂವರ್ಕ್, ಊಟ, ಮಲಗಿಸೋದು ಎಲ್ಲಾ ಅದೇ ನಾಲ್ಕು ಗಂಟೆಯೊಳಗೇ ಬೀಳುತ್ತೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷಪೂರ್ತಿ ಹಾಗೇ. ಅವರ 9ರಿಂದ 1 ನಮಗೆ 10.30ರಿಂದ 2.30. ವ್ಯಾನ್ ಬರೋಕೆ ಮುಕ್ಕಾಲು ಗಂಟೆ ಮುಂಚೆ ಲ್ಯಾಪ್‌ಟಾಪ್ ಮುಚ್ಚಬಹುದು. ಇನ್ನೊಂದು ವಿಷಯ: 2022ರ ಜನವರಿಯಿಂದ ಅಲ್ಲಿ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರ, ಶುಕ್ರವಾರ ಅರ್ಧ ದಿನ. ಖಾಸಗಿಯವರಲ್ಲಿ ವಾರಕ್ಕೆ ಆರು ದಿನ ಕೆಲಸ ಮಾಡೋರೂ ಇದ್ದಾರೆ, ಶನಿವಾರ ಬೇಕಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ರಾತ್ರಿಪಾಳಿ
ಅಲ್ರೀ, ಲೆಕ್ಕ ಹಾಕಿ ಸ್ವಲ್ಪ. ದಿನಕ್ಕೆ 4 ಗಂಟೆ, 22 ದಿನ, ಒಟ್ಟು 88 ಗಂಟೆ. 8 ಡಾಲರಿಗೆ 704. ದಿರ್ಹಾಮ್ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿರೋ ಕರೆನ್ಸಿ, 22 ಅಂದರೆ ಹತ್ತಿರ ಹತ್ತಿರ 6 ಡಾಲರ್, ತಿಂಗಳಿಗೆ 528. ತಿಂಗಳಿಗೆ 176 ಡಾಲರ್ ಕೈ ಬಿಟ್ಟು ಹೋಗುತ್ತೆ. ಅದೂ ಅಲ್ಲದೆ ನ್ಯೂಯಾರ್ಕ್‌ನವರ ಜೊತೆ 4 ಗಂಟೆಯೂ ಲೈವ್ ಇರಲೇಬೇಕು ಅಂತ ಏನಿಲ್ಲ. ಬೇಸಿಗೆಯಲ್ಲಿ ನಮ್ಮ ಬೆಳಗ್ಗೆ 10 ಅವರಿಗೆ ಮಧ್ಯರಾತ್ರಿ 12.30. ನೀವು 10ರಿಂದ 1.30ರವರೆಗೆ ಇನ್‌ಬಾಕ್ಸ್ ವಿಂಗಡಿಸಿ, ಉತ್ತರಗಳ ಡ್ರಾಫ್ಟ್ ಮಾಡಿ, ಇನ್‌ವಾಯ್ಸ್ ಏರಿಸಿಟ್ಟರೆ ಅವರು ಏಳೋ ಹೊತ್ತಿಗೆ ಎಲ್ಲಾ ರೆಡಿ. ಲೈವ್ ಮಾತುಕತೆಗೆ ಸಂಜೆ 6.30ರಿಂದ 7, ಅರ್ಧ ಗಂಟೆ ಸಾಕು. ಆ ಕ್ಲೈಂಟಿಗೂ ಇದೇ ಅನುಕೂಲ, ಹಾಗೆ ಹೇಳಿ ಒಪ್ಪಿಸಿ.

ಕುಕ್ಕರ್_ಮೂರನೇವಿಷಲ್
ಇನ್‌ಬಾಕ್ಸ್, ಡೇಟಾ ಶುದ್ಧಿ, ಟ್ರಾವೆಲ್ ಬುಕಿಂಗಿಗೆ ಈ ಮಾತು ಸರಿ. ಫೋನ್ ಎತ್ತೋದು, ಲೈವ್ ಚಾಟ್, ಮೀಟಿಂಗ್‌ನಲ್ಲಿ ಕೂತು ನೋಟ್ಸ್ ಬರೆಯೋದು ಇದ್ದರೆ ಆಗೋದಿಲ್ಲ. ಮೊದಲ ಕರೆಯಲ್ಲೇ ಕೆಲಸದ ಪಟ್ಟಿ ತರಿಸ್ಕೊಂಡು ಒಂದೊಂದರ ಮುಂದೆ "ಈಗಲೇ" ಅಥವಾ "ನಾಳೆ ಬೆಳಗ್ಗೆಯೊಳಗೆ" ಅಂತ ಅವರ ಕೈಯಲ್ಲೇ ಬರೆಸಿ. "ಈಗಲೇ" ಅನ್ನೋದು ಮೂರಕ್ಕಿಂತ ಜಾಸ್ತಿ ಆದರೆ ಆ ಕೆಲಸ ನಿಮಗಲ್ಲ. ಮತ್ತೆ ಬೇರೆಯವರ ಹೆಸರಲ್ಲಿ ರಾತ್ರಿ 1ಕ್ಕೆ ಮೇಲ್ ಹೋದರೆ ಅವರ ಗಿರಾಕಿಗಳಿಗೆ ವಿಚಿತ್ರ ಅನ್ಸುತ್ತೆ, ಜಿಮೇಲ್‌ನಲ್ಲಿ ಶೆಡ್ಯೂಲ್ ಸೆಂಡ್ ಹಾಕಿ ಅವರ ಬೆಳಗ್ಗೆ 8.30ಕ್ಕೆ ಹೋಗೋ ಹಾಗೆ ಮಾಡಬೇಕು. ಅನ್‌ಡೂ ಸೆಂಡ್ ಅನ್ನ 5 ಸೆಕೆಂಡಿನಿಂದ 30ಕ್ಕೆ ಏರಿಸಿ. ಚಿಕ್ಕ ಮಕ್ಕಳಿರೋ ಮನೇಲಿ ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡೋದು ಚಪ್ಪಲಿ ಬಿಡೋಷ್ಟು ಅಭ್ಯಾಸ ಆಗಬೇಕು.

ಹಳೇಪರದೆ
ಎಐ ಬಂದ ಮೇಲೂ ಇದಕ್ಕೆ ದುಡ್ಡು ಕೊಡ್ತಾರಾ?

ರಾತ್ರಿಪಾಳಿ
ಬರೀ ಡೇಟಾ ಎಂಟ್ರಿಗೆ ಕಷ್ಟ. ನಲವತ್ತು ಮೇಲ್‌ನಲ್ಲಿ ಯಾವ ಮೂರಕ್ಕೆ ಯಜಮಾನರೇ ಉತ್ತರ ಕೊಡಬೇಕು ಅಂತ ಆರಿಸೋಕೆ ಕೊಡ್ತಾರೆ ಗುರೂ.

ರಾಜಾಜಿನಗರ_ರಾಯರು
ಜಿಎಸ್‌ಟಿ ಬಗ್ಗೆ ಯಾರೂ ಹೇಳಲಿಲ್ಲ. ವಿದೇಶಕ್ಕೆ ಸೇವೆ ಕೊಟ್ಟರೆ ಅದು ಅಂತರರಾಜ್ಯ ಪೂರೈಕೆ. ಕಾಯ್ದೆಯ ಸೆಕ್ಷನ್ 24ರ ಪ್ರಕಾರ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಸುಮ್ಮನೆ ಇದ್ದುಬಿಟ್ಟು ಆಮೇಲೆ ನೋಟಿಸ್ ಬಂತು ಅನ್ನಬೇಡಿ.

ಲೆಕ್ಕದಪುಸ್ತಕ
ರಾಯರೇ, ಸೆಕ್ಷನ್ 24 ಓದಿದರೆ ಹಾಗೇ ಅನಿಸುತ್ತದೆ, ಅಲ್ಲಿಗೇ ನಿಲ್ಲಿಸಬಾರದು. 2017ರ ಅಕ್ಟೋಬರಿನಲ್ಲಿ ಬಂದ ಐಜಿಎಸ್‌ಟಿ ಅಧಿಸೂಚನೆ 10/2017 ಸೇವೆ ಕೊಡುವವರಿಗೆ ಈ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆ. ಕರ್ನಾಟಕದಲ್ಲಿ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಆ 20 ಲಕ್ಷವನ್ನು ಒಂದು ಪ್ಯಾನ್‌ ಮೇಲೆ ಲೆಕ್ಕ ಹಾಕುತ್ತಾರೆ, ರಫ್ತು ಕೂಡ ಅದರಲ್ಲೇ ಸೇರುತ್ತದೆ. ಮೇಡಂ, ನಿಮ್ಮ 528 ಅಥವಾ 704 ಡಾಲರಿನಲ್ಲಿ ಆ ಗಡಿ ಬಹಳ ದೂರ.

ಮೊದಲೇ ಮಾಡಿಸಿಕೊಂಡರೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ರಫ್ತಿಗೆ ತೆರಿಗೆ ಶೂನ್ಯವೇ, ಆದರೆ ತೆರಿಗೆ ಕಟ್ಟದೆ ಬಿಲ್ ಮಾಡಲು ಪ್ರತಿ ಹಣಕಾಸು ವರ್ಷ ಆರ್‌ಎಫ್‌ಡಿ-11ರಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಮರೆತರೆ ಶೇ 18 ಕಟ್ಟಿ ಮರುಪಾವತಿಗೆ ಅಲೆಯಬೇಕು. ವ್ಯವಹಾರ ಇಲ್ಲದ ತಿಂಗಳ ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ತಡ ಶುಲ್ಕ. ಇದೆಲ್ಲ ಯಾಕೆ ಈಗ?

ಈಗಲೇ ಮಾಡಬೇಕಾದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಹಲವು ಜಾಲತಾಣಗಳು ಸರ್ಕಾರದ್ದೇ ಅನ್ನುವ ಹಾಗೆ ಕಾಣಿಸಿ ಶುಲ್ಕ ಕೇಳುತ್ತವೆ, ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಕರೆಂಟ್ ಅಕೌಂಟ್ ತೆರೆಯಲು ಹೋದಾಗ ವ್ಯವಹಾರದ ದಾಖಲೆಯಾಗಿ ಇದೇ ಪ್ರಮಾಣಪತ್ರ ಕೊಡಬಹುದು.

ರಾಜಾಜಿನಗರ_ರಾಯರು
ಅಧಿಸೂಚನೆ ನೋಡಿದೆ. ಸರಿ, ಒಪ್ಪಿದೆ. ಆದರೆ ದೊಡ್ಡ ಕಂಪನಿಯವರು ಜಿಎಸ್‌ಟಿ ನಂಬರ್ ಇಲ್ಲದವರಿಗೆ ಕೆಲಸ ಕೊಡೋದಿಲ್ಲ, ಅದೂ ನಿಜ.

ಲೆಕ್ಕದಪುಸ್ತಕ
ಇಲ್ಲಿನ ಕಂಪನಿಗಳ ಮಟ್ಟಿಗೆ ನಿಜ. ದುಬೈನವರಿಗೆ ನಮ್ಮ ಜಿಎಸ್‌ಟಿ ನಂಬರ್ ಕಟ್ಟಿಕೊಂಡು ಏನಾಗಬೇಕು?

ದುಬೈ ಅಂದದ್ದಕ್ಕೆ ಒಂದು ಎಚ್ಚರಿಕೆ. ಅಲ್ಲಿಂದ ಹಣ ಕಳಿಸುವವರು ಎಕ್ಸ್‌ಚೇಂಜ್ ಹೌಸಿಗೆ ಹೋಗಿ ಅಭ್ಯಾಸಬಲದಿಂದ "ಕುಟುಂಬ ನಿರ್ವಹಣೆ" ಎಂದು ಕಾರಣ ಹಾಕಿಬಿಡುತ್ತಾರೆ. ಇಲ್ಲಿ ಅದು ಪರ್ಪಸ್ ಕೋಡ್ (ಹಣ ಯಾಕೆ ಬಂತು ಎಂದು ಬ್ಯಾಂಕ್ ದಾಖಲಿಸುವ ಸಂಕೇತ) ಪಿ1301 ಆಗಿ ಬಂದು ಕೂರುತ್ತದೆ, ಅನಿವಾಸಿ ಭಾರತೀಯರು ಮನೆಗೆ ಕಳಿಸುವ ದುಡ್ಡಿನ ಕೋಡ್ ಅದು. ನಾಳೆ ನೀವು ಇದು ಸೇವೆಯ ಆದಾಯ ಎಂದರೆ ಕಾಗದ ಬೇರೆಯೇ ಹೇಳುತ್ತದೆ. ಆಡಳಿತ, ನಿರ್ವಹಣೆ ಬಗೆಯ ಸೇವೆಗೆ ಪಿ1006 ಹೊಂದುತ್ತದೆ. ಇನ್‌ವಾಯ್ಸಿನಲ್ಲೇ ಆ ಕೋಡ್ ಅಚ್ಚು ಹಾಕಿ, ವೈಯಕ್ತಿಕ ಖಾತೆಯಿಂದ ಬೇಡ, ಕಂಪನಿ ಖಾತೆಯಿಂದ ಕಳಿಸಿ ಎಂದು ಕೇಳಿ. ಪ್ರತಿ ಪಾವತಿಗೂ ಬ್ಯಾಂಕಿನಿಂದ ವಿದೇಶಿ ಹಣ ಬಂದ ಸೂಚನಾ ಪತ್ರ, ಎಫ್‌ಐಆರ್‌ಎ, ತೆಗೆದು ಇನ್‌ವಾಯ್ಸಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಶುಲ್ಕ ಎಷ್ಟು ಎಂದು ಮಾತ್ರ ನೋಡಬೇಡಿ, ಆ ದಿನದ ದರಕ್ಕೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ಕಳೆದು ನೋಡಿ. ನಿಜವಾದ ಕತ್ತರಿ ವಿನಿಮಯ ದರದಲ್ಲಿರುತ್ತದೆ.

ನ್ಯೂಯಾರ್ಕ್ ಆದರೆ ಅವರು ಡಬ್ಲ್ಯು-9 ಎಂಬ ಅಮೆರಿಕದ ತೆರಿಗೆ ಫಾರಂ ತುಂಬಿ ಎಂದು ಕಳಿಸಬಹುದು. ಅದು ಅವರ ದೇಶದವರಿಗೆ. ನಾವು ಕೊಡುವುದು ಡಬ್ಲ್ಯು-8ಬಿಇಎನ್, ಕೆಲಸ ಭಾರತದಲ್ಲಿ ಕೂತು ಮಾಡುವುದು ಎಂದು ಇನ್‌ವಾಯ್ಸಿನಲ್ಲೂ ಬರೆಯಿರಿ.

ಹೆಬ್ಬಾಳದ_ಹಕ್ಕಿ
ಎಲ್ಲರೂ ವಿದೇಶ ವಿದೇಶ ಅಂತಿದ್ದೀರಿ. ಎಚ್‌ಎಸ್‌ಆರ್ ಲೇಔಟಿನ ಸಣ್ಣ ಕಂಪನಿಗಳಿಗೂ ದಿನಕ್ಕೆ ಮೂರು ಗಂಟೆಯ ಸಹಾಯ ಬೇಕು. ಟೈಮ್ ಝೋನ್ ತಲೆನೋವೇ ಇಲ್ಲ, ಕನ್ನಡ ಹಿಂದಿ ಎರಡೂ ಬಂದರೆ ವೆಂಡರ್ ಫಾಲೋಅಪ್ ಕೆಲಸ ಬೇಕಾದಷ್ಟು. ಟಿಡಿಎಸ್ ಹಿಡಿದು ಕೊಡ್ತಾರೆ, ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತೆ, ರಿಟರ್ನ್ ಹಾಕಿದಾಗ ಹೊಂದಿಸ್ಕೋಬಹುದು. ದುಡ್ಡು ತಡ ಮಾಡಿದರೆ ಉದ್ಯಮ್ ಕೆಲಸಕ್ಕೆ ಬರುತ್ತೆ: ಸಣ್ಣ ಉದ್ಯಮಗಳಿಗಾಗಿ ಇರೋ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ಕೆಲಸ ಶುರುವಾಗೋಕೆ ಮುಂಚೆ ಉದ್ಯಮ್ ನಂಬರ್ ಇರಬೇಕು, ಜಗಳ ಆದ ಮೇಲೆ ಮಾಡಿಸಿದರೆ ಹಳೇ ಬಿಲ್‌ಗೆ ಅನ್ವಯಿಸೋದು ಕಷ್ಟ.

ರಾತ್ರಿಪಾಳಿ
ಎಚ್‌ಎಸ್‌ಆರ್‌ನವರು ಸಂಜೆ 7ಕ್ಕೆ "ಒಂದೇ ನಿಮಿಷ" ಅಂತ ಫೋನ್ ಮಾಡ್ತಾರೆ. ದುಬೈನವರು ಆ ಹೊತ್ತಿಗೆ ಮಾಡಲ್ಲ ಅಂತ ಏನೂ ಇಲ್ಲ ಬಿಡಿ. ಅದಕ್ಕೇ ಗಂಟೆ ಲೆಕ್ಕ ಬೇಡ, ಬ್ಲಾಕ್ ಲೆಕ್ಕದಲ್ಲಿ ಮಾರಿ ಮೇಡಂ: ತಿಂಗಳಿಗೆ 80 ಗಂಟೆ, ದುಡ್ಡು ಮುಂಗಡ, ಉಳಿದರೆ 5 ಗಂಟೆ ಮಾತ್ರ ಮುಂದಿನ ತಿಂಗಳಿಗೆ. ಟೈಮರ್ 15 ನಿಮಿಷದ ತುಂಡಿನಲ್ಲಿ ಓಡಲಿ. ಆಗ "ಒಂದೇ ನಿಮಿಷ"ಕ್ಕೂ ಕಾಲು ಗಂಟೆ ಬೀಳುತ್ತೆ, ಫೋನ್ ತಾನಾಗೇ ಕಡಿಮೆ ಆಗುತ್ತೆ.

ಕುಕ್ಕರ್_ಮೂರನೇವಿಷಲ್
ಇದಕ್ಕೆ ಪೂರ್ತಿ ಸಹಮತ. ಅದರ ಜೊತೆ ರಜೆಯನ್ನೂ ಒಪ್ಪಂದದಲ್ಲಿ ಬರೆಯಿರಿ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ಇಡೀ ದಿನ ಮನೇಲಿ, ದಸರಾದಲ್ಲಿ ಮತ್ತೆ. ಆ ತಿಂಗಳಿಗೆ 80ರ ಬದಲು 40 ಗಂಟೆಯ ಬ್ಲಾಕ್ ಅಂತ ಜನವರಿಯಲ್ಲೇ ಹೇಳಿದರೆ ಯಾರೂ ತಕರಾರು ಮಾಡಲ್ಲ, ಏಪ್ರಿಲ್ 8ಕ್ಕೆ ಹೇಳಿದರೆ ಕ್ಲೈಂಟ್ ಹೋದಂಗೇ. ಮಗುವಿಗೆ ಜ್ವರ ಬಂದ ದಿನಕ್ಕೆ "24 ಗಂಟೆಯೊಳಗೆ ಉತ್ತರ" ಅನ್ನೋ ಷರತ್ತು ಕಾಪಾಡುತ್ತೆ. ಬೇರೆಯವರ ಕೈಲಿ ಮಾಡಿಸೋದಾದರೆ ಕ್ಲೈಂಟ್ ಲಿಖಿತ ಒಪ್ಪಿಗೆ ಬೇಕೇ ಬೇಕು, ಅವರ ಗಿರಾಕಿಗಳ ಮಾಹಿತಿ ಅದರಲ್ಲಿರುತ್ತೆ. ಅತ್ತೆ ಮನೇಲಿದ್ದಾರೆ ಅನ್ನೋದನ್ನ ಯೋಜನೆ ಅಂತ ಲೆಕ್ಕಕ್ಕೆ ತಗೋಬೇಡಿ.

ಹಳೇಪರದೆ
ಗಂಡನ್ನೂ ಒಪ್ಪಂದದಲ್ಲಿ ಸೇರಿಸಿ ಸ್ವಾಮಿ, 3.15ರ ವ್ಯಾನ್ ವಾರಕ್ಕೆ ಎರಡು ದಿನ ಅವರದು.

ಹೆಬ್ಬಾಳದ_ಹಕ್ಕಿ
ಪಾಸ್‌ವರ್ಡ್ ವಿಷಯ ಯಾರೂ ಎತ್ತಲಿಲ್ಲ. ಕ್ಲೈಂಟ್ ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸಿದರೆ ತಗೋಬೇಡಿ, ನಾಳೆ ಏನಾದರೂ ಹೋದರೆ ಮೊದಲ ಬೆರಳು ನಿಮ್ಮ ಕಡೆಗೇ. ಜಿಮೇಲ್‌ಗೆ ಅವರ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ ನಿಮ್ಮನ್ನ ಡೆಲಿಗೇಟ್ ಆಗಿ ಸೇರಿಸಲಿ. ಮೇಲ್ ಓದಬಹುದು, ಕಳಿಸಬಹುದು, ಪಾಸ್‌ವರ್ಡ್ ಬದಲಿಸೋಕೆ ಬರಲ್ಲ. ಆಕ್ಟಿವ್ ಆಗೋಕೆ ಒಂದು ದಿನ ಹಿಡಿಯಬಹುದು, ಸೋಮವಾರ ಕೆಲಸ ಶುರು ಅಂದರೆ ಶುಕ್ರವಾರ ಮಾಡಿಸಿ. ಉಳಿದ ಖಾತೆಗಳಿಗೆ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಬಚ್ಚಿಡೋ ವಾಲ್ಟ್ ಆ್ಯಪ್, ಓಟಿಪಿ ಕೂಡ ಅದರೊಳಗೇ ಬರೋ ಹಾಗೆ. ಓಟಿಪಿ ಅವರ ಮೊಬೈಲಿಗೆ ಹೋಗೋದಾದರೆ ಅವರು ಮಲಗಿರೋ ಹೊತ್ತಲ್ಲಿ ನಿಮ್ಮ ಕೆಲಸ ನಿಂತುಹೋಗುತ್ತೆ. ನ್ಯೂಯಾರ್ಕ್ ಯೋಜನೆ ಇಂಥ ಕಡೆಯೇ ಎಡವೋದು.

ರಾಜಾಜಿನಗರ_ರಾಯರು
ಇದನ್ನ ಓದೋ ಬೇರೆಯವರಿಗೆ: ಕೆಲಸ ಕೊಡ್ತೀವಿ ಅಂತ ರಿಜಿಸ್ಟ್ರೇಷನ್ ಫೀ ಕೇಳಿದರೆ, ಅಥವಾ ಫಾರಂ ತುಂಬಿಸಿ ಆಮೇಲೆ ತಪ್ಪು ಜಾಸ್ತಿ ಇದೆ, ಲೀಗಲ್ ನೋಟಿಸ್ ಕಳಿಸ್ತೀವಿ ಅಂತ ಹೆದರಿಸಿದರೆ, ಒಂದು ರೂಪಾಯಿ ಕೊಡಬೇಡಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜೆಪಿನಗರ_ಏಳನೇಹಂತ
ಎಲ್ಲರಿಗೂ ಥ್ಯಾಂಕ್ಸ್. ದುಬೈನವರ ಜೊತೆ 80 ಗಂಟೆ ಬ್ಲಾಕ್ ಮಾತಾಡ್ತೀನಿ, ನ್ಯೂಯಾರ್ಕ್‌ನವರಿಗೆ ಬೆಳಗಿನ ಇನ್‌ಬಾಕ್ಸ್ ಕೆಲಸ ಮಾತ್ರ ಅಂತ ಹೇಳಿ ನೋಡ್ತೀನಿ. ಕೊನೇದು: ಇಲ್ಲಿ ಕರೆಂಟ್ ಹೋದರೆ ವೈಫೈ ಸತ್ತೋಗುತ್ತೆ. ಇಡೀ ಮನೆಗೆ ಯುಪಿಎಸ್ ಹಾಕಿಸಬೇಕಾ?

ಹೆಬ್ಬಾಳದ_ಹಕ್ಕಿ
ಬೇಡ. ರೂಟರ್‌ಗೆ ಅಂತಲೇ ಸಣ್ಣ ಡಿಸಿ ಯುಪಿಎಸ್ ಬರುತ್ತೆ. 10,000 ಎಂಎಎಚ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಸೋರಿಕೆ ಕಳೆದು 30 ಇಟ್ಟುಕೊಳ್ಳಿ. 10 ವ್ಯಾಟ್ ತಿನ್ನೋ ರೂಟರ್‌ಗೆ ಮೂರು ಗಂಟೆ. ಆದರೆ ಮೊದಲು ಒಂದು ಪರೀಕ್ಷೆ ಮಾಡಿ: ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕೇಬಲ್‌ನವರು ಬೇಸ್‌ಮೆಂಟಿನಲ್ಲಿ ಸ್ವಿಚ್ ಇಟ್ಟು ಅಲ್ಲಿಂದ ಮನೆಗೆ ಲ್ಯಾನ್ ವೈರ್ ಎಳೆದಿರ್ತಾರೆ. ಆ ಸ್ವಿಚ್‌ಗೆ ಕರೆಂಟ್ ಇಲ್ಲ ಅಂದರೆ ನಿಮ್ಮ ರೂಟರ್ ಲೈಟ್ ಉರಿದರೂ ನೆಟ್ ಇರಲ್ಲ. ಮನೆಯೊಳಗೇ ಫೈಬರ್ ಬಂದಿದ್ದರೆ ಈ ತಾಪತ್ರಯ ಕಡಿಮೆ. ಎರಡರಲ್ಲೂ ಹಾಟ್‌ಸ್ಪಾಟ್‌ಗೆ ಬೇರೆ ಕಂಪನಿಯ ಸಿಮ್ ಇರಲಿ.

ಜೆಪಿನಗರ_ಏಳನೇಹಂತ
ಫೈಬರ್ ಮನೆಯೊಳಗೇ ಬಂದಿದೆ. ಅಡಾಪ್ಟರ್ ಮೇಲೆ 12 ವೋಲ್ಟ್, 1.5 ಆಂಪಿಯರ್ ಅಂತಿದೆ.

ಹೆಬ್ಬಾಳದ_ಹಕ್ಕಿ
12 ವೋಲ್ಟ್, 2 ಆಂಪಿಯರ್‌ದು ತಗೊಳ್ಳಿ. ಆಂಪಿಯರ್ ಜಾಸ್ತಿ ಇದ್ದರೆ ಏನೂ ಆಗಲ್ಲ, ವೋಲ್ಟ್ ಜಾಸ್ತಿ ಆದರೆ ರೂಟರ್ ಸುಟ್ಟೋಗಬಹುದು. ಎಸ್‌ಪಿ ರೋಡಿಗೆ ಹೋಗೋದಾದರೆ ಆ ಅಡಾಪ್ಟರ್ ಕೈಯಲ್ಲೇ ಹಿಡ್ಕೊಂಡು ಹೋಗಿ, ಪಿನ್ ಅಳತೆ ಅಂಗಡಿಯಲ್ಲೇ ಚುಚ್ಚಿ ನೋಡಿ. ಭಾನುವಾರ ಹೋಗಬೇಡಿ, ಮುಕ್ಕಾಲು ಪಾಲು ಅಂಗಡಿ ಮುಚ್ಚಿರುತ್ತೆ.