ಗಾಡಿ ಬರದ ಓಣಿ, ತಾರಸಿ ಮೇಲೊಂದು ರೂಮು: ಸಾಮಾನು ಕೈಯಲ್ಲೇ ಸಾಗಿಸುವುದು ಹೇಗೆ?

ಕೇಳಿದ್ದು: ಓಣಿ ಐದಡಿ ಅಗಲ. ಟೆಂಪೊ ಮುಖ್ಯರಸ್ತೆಯಲ್ಲೇ ನಿಲ್ಲಬೇಕು, ಅಲ್ಲಿಂದ ಮನೆಗೆ 150 ಅಡಿ. ತಾರಸಿ ಮೇಲೆ 12x14 ರೂಮು, ಸಣ್ಣ ಅಡುಗೆಕಟ್ಟೆ. 6 ಇಂಚಿನ ಸಾಲಿಡ್ ಬ್ಲಾಕ್ 500, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 200 ಘನ ಅಡಿ, ಸಿಮೆಂಟ್ 60 ಚೀಲ, ಕಂಬಿ, 8x2 ಅಡಿಯ ಒಂದು ಗ್ರಾನೈಟ್. ಯಂತ್ರ ಯಾವುದೂ ಒಳಗೆ ಬರುವುದಿಲ್ಲ. ಅನುಭವ ಇದ್ದವರು ತಿಳಿಸಿ.

*

ಮೊದಲು ತೂಕ ಕೂಡಿಸಿ. 16x8x6 ಇಂಚಿನ ಬ್ಲಾಕ್ ಒಂದಕ್ಕೆ ಸುಮಾರು 25 ಕೆಜಿ, ಹಾಗಾಗಿ 500ಕ್ಕೆ ಹನ್ನೆರಡೂವರೆ ಟನ್. ಎಂ-ಸ್ಯಾಂಡ್ ಘನ ಅಡಿಗೆ 45 ಕೆಜಿ ಹಿಡಿದರೂ 9 ಟನ್, ನೆಂದಿದ್ದರೆ ಇನ್ನೂ ಜಾಸ್ತಿ. ಸಿಮೆಂಟ್ 3 ಟನ್. ಒಟ್ಟು ಹತ್ತಿರ ಹತ್ತಿರ 25 ಟನ್. ರಸ್ತೆಯಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲ ಬುಡಕ್ಕೆ, ಅಲ್ಲಿಂದ ತಾರಸಿಗೆ, ತಾರಸಿಯಲ್ಲಿ ಮತ್ತೆ ಗೋಡೆ ಹತ್ತಿರಕ್ಕೆ ಅಂತ ನಾಲ್ಕು ಸಲ ಎತ್ತಿ ಇಳಿಸಿದರೆ ಅದೇ 100 ಟನ್ ಕೆಲಸ. ಸೊಂಟ ಹೋಗುವುದು ಇಲ್ಲೇ. ಆದ್ದರಿಂದ ಎತ್ತಿದ್ದನ್ನು ನಡುವೆ ನೆಲಕ್ಕೆ ಸುರಿಯುವ ಹಾಗೆ ಇಟ್ಟುಕೊಳ್ಳಲೇಬೇಡಿ. ಕೈಗಾಡಿಯಲ್ಲಿ ಬಂದದ್ದು ಕೈಗಾಡಿಯಿಂದಲೇ ರಾಟೆಗೆ ಹೋಗಬೇಕು.

ಗೋಡೆ ಭಾರ ಹೊರುವುದಲ್ಲ, ಪಿಲ್ಲರ್ ಇದೆ ಎಂದಾದರೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್) ಬಗ್ಗೆ ಇಂಜಿನಿಯರನ್ನು ಕೇಳಿ. 24x8x6ರದ್ದು ಒಣಗಿದ್ದಾಗ 12 ಕೆಜಿ ಆಸುಪಾಸು, 500ರ ಬದಲು 335 ಸಾಕು. ಹನ್ನೆರಡೂವರೆ ಟನ್ ಇದ್ದದ್ದು ನಾಲ್ಕಕ್ಕೆ ಇಳಿಯುತ್ತದೆ. ನೀರು ಕುಡಿಯುವ ಬ್ಲಾಕು, ಟಾರ್ಪಾಲು ಮುಚ್ಚಿಡಿ.

ಓಣಿಗೆ ಒಂಟಿ ಚಕ್ರದ, ಗಾಳಿ ಟೈರಿನ ಕೈಗಾಡಿ ಒಳ್ಳೆಯದು. ಬ್ಲಾಕನ್ನು ಚಕ್ರದ ಕಡೆಗೆ ಸರಿಸಿ ಜೋಡಿಸಿ. ಹಿಡಿಕೆಯ ಕಡೆ ಇಟ್ಟರೆ ಭಾರವೆಲ್ಲ ತೋಳಿಗೆ ಬೀಳುತ್ತದೆ. ನಾಲ್ಕಕ್ಕಿಂತ ಹೆಚ್ಚು ಬೇಡ. ಮೋರಿ, ಹೊಸ್ತಿಲು ದಾಟಲು 2 ಇಂಚು ದಪ್ಪದ ಹಲಗೆ ಹಾಕಿ, ಜಾರದ ಹಾಗೆ ಎರಡೂ ತುದಿಗೆ ಆಸರೆ ಕೊಡಿ.

*

ತಾರಸಿ ಮೇಲೆ ಪೇರಿಸುವ ವಿಷಯ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ. ಮನೆಯ ರೂಮಿನ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ, ಅಂದರೆ ಚದರ ಅಡಿಗೆ 19 ಕೆಜಿ ಬಳಕೆ ಭಾರಕ್ಕೆ (ಜನ, ಸಾಮಾನಿನ ಭಾರ) ಲೆಕ್ಕ ಹಾಕಿರುತ್ತಾರೆ. ಬರೀ ತಾರಸಿ ಅಂತ ಹಾಕಿದ್ದರೆ ಇನ್ನೂ ಕಡಿಮೆ ಇರಬಹುದು. ಈ ಬ್ಲಾಕನ್ನು ಒತ್ತಾಗಿ ಒಂದೇ ವರಸೆ ಹಾಸಿದರೂ ಚದರ ಅಡಿಗೆ 28 ಕೆಜಿ ಆಗುತ್ತದೆ. ಮರಳು ಒಂದಡಿ ಎತ್ತರ ಸುರಿದರೆ 45. ರೂಮಿನ ನಡುಭಾಗದಲ್ಲಿ ರಾಶಿ ಹಾಕಿದರೆ ಕೆಳಗಿನ ಸೀಲಿಂಗಿನಲ್ಲಿ ಬಿರುಕು ಬರುವುದು ಇದಕ್ಕೇ. ಕೆಳಗಿನ ಗೋಡೆ ಅಥವಾ ಬೀಮಿನ ನೇರಕ್ಕೆ ಒಂಟಿ ಸಾಲಾಗಿ ಇಡಿ. ಆ ದಿನ ಕಟ್ಟುವಷ್ಟನ್ನೇ ಮೇಲೆ ತನ್ನಿ.

*

ಗಾರೆ ಕೆಲಸದ ಕಡೆಯಿಂದ: ಮೇಲೆ ಕಟ್ಟಿದ ಒಂದೇ ರಾಟೆ ಭಾರ ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಕೆಳಗಿನ ಕೊಕ್ಕೆಗೆ ಇನ್ನೊಂದು ರಾಟೆ ಸೇರಿಸಿದರೆ 25 ಕೆಜಿಯ ಬ್ಲಾಕು ಕೈಗೆ ಹದಿನಾಲ್ಕು ಹದಿನೈದು ಕೆಜಿಯಷ್ಟು ಅನ್ನಿಸುತ್ತದೆ. ಆದರೆ 11 ಅಡಿ ಏರಿಸಲು 22 ಅಡಿ ಹಗ್ಗ ಎಳೆಯಬೇಕು. ರಾಟೆಯನ್ನು 4 ಇಂಚಿನ ಪ್ಯಾರಪೆಟ್ ಗೋಡೆಗೆ ಕಟ್ಟಬೇಡಿ, ಗೋಡೆಯೇ ಮಗುಚಿ ಬರುತ್ತದೆ. ಪಿಲ್ಲರಿಗೆ ಕಟ್ಟಿ.

ಸಿಮೆಂಟ್ ಚೀಲದ ಕಿವಿಗೆ ಹಗ್ಗ ಹಾಕಿದರೆ ಹರಿಯುತ್ತದೆ ಇಲ್ಲವೇ ಜಾರುತ್ತದೆ. ಉದ್ದಕ್ಕೊಂದು, ಅಡ್ಡಕ್ಕೊಂದು ಸುತ್ತು ಹಾಕಿ ನಡುವಿನ ಗಂಟಿಗೆ ಕೊಕ್ಕೆ ಹಾಕಿ. ಮರಳಿಗೆ ಬಾಂಡ್ಲಿ ಬೇಡ, ಓಲಾಡಿ ಚೆಲ್ಲುತ್ತದೆ. 20 ಲೀಟರ್ ಪೇಂಟ್ ಬಕೆಟ್ ಅರ್ಧ ತುಂಬಿಸಿ, ಅಷ್ಟಕ್ಕೇ 16 ಕೆಜಿ. ಅದರ ಹಿಡಿಕೆಯನ್ನು ನಂಬದೆ ಹಗ್ಗವನ್ನು ತಳದಡಿಯಿಂದ ಹಾಯಿಸಿ ಕಟ್ಟಿ. ಎಳೆಯುವವರು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ರಾಟೆಯ ಕೆಳಗೆ ಯಾರೂ ನಿಲ್ಲಬಾರದು, ಮಕ್ಕಳು ಓಡಾಡುವ ಓಣಿಯಾದರೆ ಎರಡೂ ಕಡೆ ಅಡ್ಡ ಕಟ್ಟಿ.

ತಲೆ ಮೇಲೆ ಹೊರುವುದಾದರೆ ಸಿಂಬಿ ಇರಲಿ. ಬೆವೆತ ಕುತ್ತಿಗೆಗೆ ಸಿಮೆಂಟ್ ಪುಡಿ ತಾಗಿದರೆ ಚರ್ಮ ಸುಡುತ್ತದೆ, ಆಗಾಗ ತೊಳೆಯಿರಿ.

*

ಗ್ರಾನೈಟಿಗೆ: 18 ಮಿ.ಮೀ. ದಪ್ಪದ್ದು ಚದರ ಅಡಿಗೆ ನಾಲ್ಕೂವರೆ ಕೆಜಿ, ನಿಮ್ಮದು 72 ಕೆಜಿ. ಹಾಸಿ ಹಿಡಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿಕೊಂಡೇ ಹೊರಬೇಕು, ಇಳಿಸುವಾಗ ಅಂಚಿನಡಿ ಎರಡು ಮರದ ತುಂಡು. ಸಿಂಕಿನ ಕಿಂಡಿಯನ್ನು ಅಂಗಡಿಯಲ್ಲಿ ಕೊರೆಸಬೇಡಿ. ಕಿಂಡಿಯ ಹಿಂದೆ ಮುಂದೆ ಉಳಿಯುವ ಎರಡು ಮೂರು ಇಂಚಿನ ಪಟ್ಟಿ ಮೆಟ್ಟಿಲ ತಿರುವಿನಲ್ಲಿ ಪಟ್ಟನೆ ಬಿಡುತ್ತದೆ. ತಿರುವಿನಲ್ಲಿ 8 ಅಡಿ ತಿರುಗುತ್ತದೆಯೇ ಅಂತ ಅಷ್ಟೇ ಉದ್ದದ ಪಟ್ಟಿಯೊಂದನ್ನು ಮೊದಲೇ ಹಾಯಿಸಿ ನೋಡಿ. ತಿರುಗದಿದ್ದರೆ ಸಿಂಕಿನ ಜಾಗದಲ್ಲಿ ಜೋಡು ಬರುವ ಹಾಗೆ ಎರಡು ತುಂಡು ಮಾಡಿಸಿ. ಕೈ ಜಾರಿದರೆ ಬಿಟ್ಟು ಹಿಂದೆ ಸರಿಯಿರಿ, ಹಿಡಿಯಲು ಹೋಗಬೇಡಿ.

*

ಕಂಬಿ ಬಗ್ಗೆ ಒಂದೇ ಮಾತು. 12 ಮಿ.ಮೀ. ಕಂಬಿ 40 ಅಡಿಗೆ ಹತ್ತೂವರೆ ಕೆಜಿ ಅಷ್ಟೇ, ಹೊರುವುದು ಕಷ್ಟವಲ್ಲ. ಓಣಿಯಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಮೇಲಕ್ಕೆ ಕೊಡುವಾಗ ಕರೆಂಟ್ ತಂತಿಗೆ ತಾಗಿ ಪ್ರಾಣ ಹೋಗುತ್ತದೆ. ತಾಗಲೇಬೇಕೆಂದಿಲ್ಲ, ಹೈಟೆನ್ಷನ್ ತಂತಿಯ ಹತ್ತಿರ ಹೋದರೂ ಸಾಕು. ಬಾರ್ ಬೆಂಡರ್ (ಕಂಬಿ ಬಗ್ಗಿಸುವವರು) ಹತ್ತಿರ ಅಳತೆ ಬರೆಸಿಕೊಂಡು ರಸ್ತೆಯಲ್ಲೇ ಕತ್ತರಿಸಿ, ತುಂಡುಗಳನ್ನು ಮೆಟ್ಟಿಲ ಮೂಲಕವೇ ತನ್ನಿ.