ಮೂರನೇ ಬಿಲ್ಲೂ ಮುರೀತು, ಯಾವ ಮರ ತಗೋಬೇಕು ಹೇಳಿ ಸಾಕು

ಸಕ್ಕರೆಸೀಮೆಹೈದ (ಮಂಡ್ಯ), ಭಾನುವಾರ ರಾತ್ರಿ
ಎಲ್ರಿಗೂ ನಮಸ್ಕಾರ. ಎರಡು ತಿಂಗಳಿಂದ ಮರದಲ್ಲಿ ಬಿಲ್ಲು ಮಾಡೋ ಕೆಲಸಾನೇ ಮಾಡ್ತಾ ಇವ್ನಿ. ಮೊದಲ್ನೇದು ಸಿಲ್ವರ್ ಓಕ್ ಮರದ್ದು, ಹೆದೆ ಏರಿಸುವಾಗ್ಲೇ ಲಟಕ್ ಅಂತು. ಎರಡ್ನೇದೂ ಸಿಲ್ವರ್ರೇ, ನಾಲ್ಕು ಬಾಣ ಬುಟ್ಟೆ, ಐದನೇದಕ್ಕೆ ಹೋಯ್ತು. ಈ ಸಲ ಜ್ವಾಪಾನವಾಗಿ ಎತ್ತಿಟ್ಟಿದ್ದ ತೇಗ ತೆಗೆದೆ. ನಿನ್ನೆ ಸಂಜೆ ಮೊದಲ ಸಲ ಪೂರ್ತಿ ಎಳೆದೆ ನೋಡಿ, ಮೇಲಿನ ಅರ್ಧ ಕಿವಿ ಪಕ್ಕದಲ್ಲೇ ಹಾದು ಹೆಂಚಿಗೆ ಬಡೀತು. ಮನೇಲಿ ಇನ್ನು ಈ ಆಟ ಸಾಕು ಅಂದವ್ರೆ. ತೇಗಕ್ಕಿಂತ ಗಟ್ಟಿ ಮರ ಯಾವುದು? ವಿಡಿಯೋದಲ್ಲಿ ಎರಡು ಕೈಲಿ ಹಿಡ್ಕೊಂಡು ಹೆರೆಯೋ ಕತ್ತಿ ತೋರಿಸ್ತಾರಲ್ಲ, ಅದಿಲ್ದೆ ಆಗಲ್ವಾ? ನೇರ ಉತ್ತರ ಕೊಡಿ. "ಬಿದಿರಲ್ಲಿ ಮಾಡು" ಅನ್ನಬೇಡಿ, ದಮ್ಮಯ್ಯ.

ಒಂಟಿಕೊಪ್ಪಲ್‌ಮೇಷ್ಟ್ರು (ಮೈಸೂರು)
ಹಸಿ ಮರ. ನೂರಕ್ಕೆ ನೂರು ಅದೇ. ಸಾಮಿಲ್ಲಿನವರು "ಒಣಗಿದೆ ಸಾರ್" ಅನ್ನುವುದನ್ನು ನಂಬಿದರೆ ಕೆಟ್ಟಿರಿ. ಮರದ ಎರಡೂ ತುದಿಗೆ ಫೆವಿಕಾಲ್ ಬಳಿದು, ನೆರಳಲ್ಲಿಟ್ಟು, ವಾರಕ್ಕೊಮ್ಮೆ ತೂಕ ಹಾಕಿ. ತೂಕ ಇಳಿಯುವುದು ನಿಂತ ಮೇಲೆ ಉಳಿ ಮುಟ್ಟಿ.

ಗರಗಸದಗಂಗಣ್ಣ (ಶ್ರೀರಂಗಪಟ್ಟಣ)
ಮೇಷ್ಟ್ರೇ, ಹಸಿ ಮರ ಸಾಮಾನ್ಯವಾಗಿ ಹೀಗೆ ಲಟಕ್ ಅನ್ನಲ್ಲ. ಬಾಗಿದ ಕಡೆಗೇ ಬಾಗ್ಕೊಂಡು ನಿಲ್ಲುತ್ತೆ, ಹೆದೆ ಬಿಚ್ಚಿದ್ರೂ ಗೂನು ಹೋಗಲ್ಲ. ಇದು ಬೇರೆ ಏನೋ. ಗುರು, ಉದ್ದ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು, ಎಷ್ಟು ಇಂಚು ಎಳೆದೆ? ಮುರಿದ ಜಾಗದ ಫೋಟೋ ಹಾಕು.

ಒಂಟಿಕೊಪ್ಪಲ್‌ಮೇಷ್ಟ್ರು
ಹೊರಗೆ ಒಣಗಿ ಒಳಗೆ ಹಸಿ ಇದ್ದರೆ ಮುರಿಯುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಸಕ್ಕರೆಸೀಮೆಹೈದ
ಫೋಟೋ ಹಾಕಿವ್ನಿ. 28 ಇಂಚು ಎಳೆದೆ, ಬಾಣ ಅಷ್ಟುದ್ದ ಅದೆ. ದಪ್ಪ ಮಾಮೂಲಿ. ಸಾರ್, ತೇಗ ಹಸಿ ಅಲ್ಲ, ತಾತನ ಮನೆ ಕೆಡವಿದಾಗ ಸಿಕ್ಕಿದ ಬಾಗಿಲ ಚೌಕಟ್ಟು. ನಮ್ಮವ್ವ ಹುಟ್ಟೋಕೂ ಮುಂಚಿಂದು. ಹೇಳಿರ್ಲಿಲ್ವಾ?

ಒಂಟಿಕೊಪ್ಪಲ್‌ಮೇಷ್ಟ್ರು
ಹಾಗಿದ್ದರೆ ಅತಿಯಾಗಿ ಒಣಗಿದೆ.

ಗರಗಸದಗಂಗಣ್ಣ
😂 ಬೆಳಿಗ್ಗೆ ಹಸಿ, ಮಧ್ಯಾಹ್ನ ಒಣ.

ಹೆಬ್ಬಾಳವರ್ಕ್‌ಶಾಪ್ (ಮೈಸೂರು)
ಇದಕ್ಕೆಲ್ಲ ಒಂದೇ ಮರದಲ್ಲಿ ಕೆಲಸ ಆಗಲ್ಲ. ನಾನು ಬಿದಿರ ಪಟ್ಟಿಯನ್ನು ಬೆನ್ನಿಗೆ ಕೊಟ್ಟು, ಹೊಟ್ಟೆಗೆ ಹಿಕರಿ (ಅಮೆರಿಕದ ಗಟ್ಟಿ ಮರ) ಹಾಕಿ, ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಹದಿನೆಂಟು ಕ್ಲಾಂಪ್ ಬಿಗಿದು ಮಾಡಿದ್ದು 45 ಪೌಂಡ್ ಎಳೆತದ ಬಿಲ್ಲು. 14 ಇಂಚಿನ ಬ್ಯಾಂಡ್‌ಸಾ (ಪಟ್ಟಿ ಗರಗಸದ ಮೆಷೀನು) ಇದೆ, ಬೆಲ್ಟ್ ಸ್ಯಾಂಡರ್ ಇದೆ, ಧೂಳು ಎಳೆಯುವ ಮೆಷೀನೂ ಕೂರಿಸಿದ್ದೇನೆ. ಫೋಟೋ ನೋಡಿ.

ತೋಟದಮನೆ (ಮಳವಳ್ಳಿ)
ಬ್ಯಾಂಡ್‌ಸಾ ಚೆನ್ನಾಗಿದೆ. ಆ ಹುಡುಗ ಕೇಳಿದ್ದು ಬೇರೆ.
ತಮ್ಮಾ, ತೇಗ ಬಾಗಿಲಿಗೆ ರಾಜ, ಬಿಲ್ಲಿಗಲ್ಲ. ಗೆದ್ದಲು ತಿನ್ನಲ್ಲ, ಸೊಟ್ಟ ಆಗಲ್ಲ, ಅದಕ್ಕೇ ಅದರ ಬೆಲೆ. ಬಿಲ್ಲಿಗೆ ಬೇಕಾದ್ದು ಬಗ್ಗಿ ಮತ್ತೆ ನೆಟ್ಟಗಾಗೋ ಗುಣ. ಹಿಂದಿನವರು ತಡಸಲು ಅಂತಿದ್ರು, ಹೊರೆ ಹೊರೋ ಅಡ್ಡೆ, ಗುದ್ದಲಿ ಕಾವು ಎಲ್ಲಾ ಅದರಲ್ಲೇ. ಆದ್ರೆ ಅದು ಕಾಡುಮರ, ಹೋಗಿ ಕಡಿಯೋ ಯೋಚನೆ ಮಾಡಬೇಡ. ನಿಂಗೆ ಹತ್ರದಲ್ಲೇ ಸಿಗೋದು ಹಿಪ್ಪುನೇರಳೆ. ರೇಷ್ಮೆ ಹುಳಕ್ಕೆ ಕೊಯ್ಯೋ ಗಿಡ ಅಲ್ಲ, ಅದು ಮೊಣಕಾಲೆತ್ತರದಲ್ಲೇ ಕವಲೊಡೆದಿರುತ್ತೆ. ಬದುವಿನ ಮೇಲೆ ಕತ್ತರಿಸದೆ ಬಿಟ್ಟ ಮರ ಇರುತ್ತಲ್ಲ, ಅದು. ಉತ್ತರದ ಕಡೆ ಹಾಕಿ ಸ್ಟಿಕ್ ಅದರಲ್ಲೇ ಮಾಡ್ತಾರೆ. ಅಮೆರಿಕದಲ್ಲಿ ಬಿಲ್ಲು ಮಾಡೋರು ಪ್ರಾಣ ಬಿಡೋ ಓಸೇಜ್ ಆರೆಂಜ್ ಮರವೂ ಇದೇ ಕುಟುಂಬದ್ದು.

ಹೆಬ್ಬಾಳವರ್ಕ್‌ಶಾಪ್
ಹಲಸೂ ಅದೇ ಕುಟುಂಬ. ಅದರಲ್ಲೂ ಮಾಡೋಣವಾ?

ತೋಟದಮನೆ
ಒಂದೇ ಮನೇಲಿ ಹುಟ್ಟಿದ ಅಣ್ಣತಮ್ಮಂದಿರೆಲ್ಲ ಒಂದೇ ಥರ ಇರ್ತಾರಾ?

ಒಂಟಿಕೊಪ್ಪಲ್‌ಮೇಷ್ಟ್ರು
ಕೌಟಿಲ್ಯ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ವಸ್ತು ಹೇಳುತ್ತಾನೆ. ಹೆದೆಗೆ ಮೂರ್ವೆ ಎಂಬ ನಾರುಗಿಡ, ಎಕ್ಕ, ಸೆಣಬು, ಬಿದಿರು, ನರ ಎಲ್ಲವೂ ಪಟ್ಟಿಯಲ್ಲಿದೆ. ಆ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ವಿದ್ವಾಂಸ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ, 1909ರಲ್ಲಿ ಅಚ್ಚಾಯಿತು. ಊರ ಹುಡುಗರಿಗೆ ಅದು ಗೊತ್ತಿಲ್ಲ, ವಿಡಿಯೋ ನೋಡುತ್ತಾರೆ.

ಗರಗಸದಗಂಗಣ್ಣ
ತಾಳೆ ಇಲ್ದಿದ್ರೆ ಅಡಿಕೆ ದಬ್ಬೆ ತಗೋಬಹುದು ಮೇಷ್ಟ್ರೇ, ಅದೂ ಅದೇ ಜಾತಿ, ಹೊರಮೈ ಉಕ್ಕಿನಂಗಿರುತ್ತೆ. ಆದ್ರೆ ಕೌಟಿಲ್ಯನೂ ಮೊದಲು ಉದ್ದ ಕೇಳ್ತಿದ್ದ. ಹೈದ, ಎರಡನೇ ಸಲ ಕೇಳ್ತಿದೀನಿ. ಉದ್ದ?

ಸಕ್ಕರೆಸೀಮೆಹೈದ
ನಾಲ್ಕೂಮುಕ್ಕಾಲು ಅಡಿ ಅಣ್ಣ. ಚೌಕಟ್ಟು ಆರೂವರೆ ಇತ್ತು, ಸ್ಕೂಟಿ ಮುಂದೆ ನಿಲ್ಸ್ಕೊಂಡು ಬರೋಕಾಗಲ್ಲ ಅಂತ ಅಲ್ಲೇ ಕೊಯ್ಸಿದೆ. ಮೂರೂ ಅಷ್ಟೇ ಉದ್ದ.

ಗರಗಸದಗಂಗಣ್ಣ
ಅಯ್ಯೋ ಸಿವನೇ.
ಹೈದ, ನೀನು ಬಿಲ್ಲು ಮುರಿದಿಲ್ಲ, ಸ್ಕೂಟಿ ಮುರಿದಿದ್ದು. 57 ಇಂಚಿನ ಕೋಲು, ನಡುವೆ ಹಿಡಿ ಬಗ್ಗಲ್ಲ, ಅಲ್ಲಿಗೆ ಎಂಟು ಇಂಚು ಕಳಿ. ಉಳಿದಿದ್ರಲ್ಲಿ 28 ಇಂಚು ಎಳೀತೀಯ. ಯಾವ ಮರ ತಡೀತದೆ? ಆ ಎಳೆತಕ್ಕೆ 66ರಿಂದ 68 ಇಂಚು ಬೇಕು, ಮೊದಲ ಬಿಲ್ಲು ಅಂದ್ರೆ ಆರು ಅಡಿಯೇ ಇರಲಿ. ಉದ್ದ ಕಡಿಮೆಯಾದಷ್ಟೂ ಬಾಗು ಕಟುವಾಗುತ್ತೆ, ಬೆನ್ನಿನ ಎಳೆ ಹಿಗ್ಗಲಾರದೆ ಹರಿಯುತ್ತೆ.

ಇನ್ನು ಫೋಟೋ. ಮುರಿದ ಜಾಗ ಅಡ್ಡಡ್ಡ ಇಲ್ಲ, ಗೇಣುದ್ದ ಓರೆಯಾಗಿ ಸೀಳಿದೆ. ತೇಗದ ಮೈಮೇಲೆ ಸಣ್ಣ ಸಣ್ಣ ಗೀರು ಕಾಣುತ್ತಲ್ಲ, ಅದು ಮರದ ಎಳೆ. ನಿನ್ನ ಪಟ್ಟಿಯಲ್ಲಿ ಆ ಗೀರು ಬೆನ್ನಿಂದ ಹೊರಟು ಅಂಚಿಗೆ ಓಡಿಹೋಗಿದೆ. ಅಂದ್ರೆ ಎಳೆ ಅರ್ಧಕ್ಕೇ ಕತ್ತರಿಸಿದೆ, ಅಲ್ಲೇ ಬಾಯಿ ಬಿಟ್ಟಿದೆ. ಗರಗಸಕ್ಕೆ ಎಳೆ ಗೊತ್ತಿಲ್ಲ, ಅದು ನೂಲು ಹಿಡಿದಂಗೆ ಕೊಯ್ಯುತ್ತೆ. ಅದಕ್ಕೇ ದಿಮ್ಮಿಯನ್ನ ಕೊಯ್ಸಬಾರದು, ಬೆಣೆ ಹೊಡೆದು ಸೀಳಬೇಕು. ಹಲಗೆಯೇ ಗತಿ ಅಂದ್ರೆ ಪಕ್ಕಕ್ಕೆ ಒಂದು ತೊಟ್ಟು ಶಾಯಿ ಬಿಡು, ಅದು ಯಾವ ಕಡೆ ಹರಿಯುತ್ತೋ ಎಳೆ ಆ ಕಡೆ.

ಸಕ್ಕರೆಸೀಮೆಹೈದ
ದಪ್ಪಾನೂ ಹೇಳ್ಬುಡ್ತೀನಿ. 18 ಎಂಎಂ ಇತ್ತು, ಎಳೆಯೋಕೆ ಆಗ್ತಿರ್ಲಿಲ್ಲ. ಗ್ರೈಂಡರ್ ಹಾಕಿ 12ಕ್ಕೆ ತಂದೆ. ಒಂದೇ ಸಂಜೇಲಿ.

ಗರಗಸದಗಂಗಣ್ಣ
ಗ್ರೈಂಡರ್ ಕಥೆ ಈಗ ಬಂತು! ಬಿಗಿ ಅನ್ನೋದು ದಪ್ಪದ ಘನದ ಲೆಕ್ಕದಲ್ಲಿ ಇಳಿಯುತ್ತೆ. ಹತ್ತರಲ್ಲೊಂದು ಪಾಲು ತೆಳ್ಳಗೆ ಮಾಡಿದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಬಿಗಿ ಹೋಯ್ತು. ಅರ್ಧ ಮಾಡಿದ್ರೆ ಎಂಟರಲ್ಲೊಂದೇ ಉಳಿಯೋದು. ಗ್ರೈಂಡರ್ ಒಂದು ಜಾಗದಲ್ಲಿ ಎರಡು ಉಸಿರು ನಿಂತ್ರೆ ಅಲ್ಲಿ ಗುಂಡಿ, ಬಾಗೆಲ್ಲ ಆ ಗುಂಡಿಗೇ ಬರುತ್ತೆ.

ಕೇಳಿದ್ಯಲ್ಲ, ಆ ಎರಡು ಹಿಡಿ ಕತ್ತಿ ಬೇಡ. ಒರಟು ಕೆಲಸಕ್ಕೆ ಬಾಚಿ, ಆಮೇಲೆ ಮರದ ಅರ, ಕೊನೆಗೆ ಒಡೆದ ಗಾಜಿನ ಚೂರು ಇಲ್ಲ ಹ್ಯಾಕ್ಸಾ ಬ್ಲೇಡಿನ ತುಂಡಿನಲ್ಲಿ ಹೆರೆಯೋದು. ಉಪ್ಪುಕಾಗದ ಕಟ್ಟಕಡೆಗೆ. ಗೋಡೆಗೆ ಒಂದು ಕಟ್ಟಿಗೆ ಹೊಡೆದು ಅದರ ಮೇಲೆ ಬಿಲ್ಲನ್ನ ಕೂರಿಸು, ಕೆಳಗೊಂದು ರಾಟೆ, ಹಗ್ಗಕ್ಕೆ ಕೊಕ್ಕೆ ತಕ್ಕಡಿ. ದೂರ ನಿಂತು ಎಳೆದು ಎರಡೂ ತೋಳು ಒಂದೇ ಸಮ ಬಾಗುತ್ತಾ ನೋಡು. ಗಟ್ಟಿ ಇರೋ ಕಡೆ ಮಾತ್ರ ಹೊಟ್ಟೆಯಿಂದ ಹೆರೆ. ಬೆನ್ನನ್ನ ಮುಟ್ಟಲೇಬೇಡ. ನಿಂಗೆ 30 ಪೌಂಡ್ ಬೇಕು ಅಂದ್ರೆ ತಕ್ಕಡೀಲಿ ಹದಿಮೂರೂವರೆ ಕೆಜಿ ಬಂದ ತಕ್ಷಣ ಎಳೆಯೋದು ನಿಲ್ಲಿಸು. ಮುಂದಿನ ಇಂಚು ಹೆರೆದು ಪಡಿ, ಎಳೆದು ಪಡೀಬೇಡ.

ಸಕ್ಕರೆಸೀಮೆಹೈದ
ಬೆನ್ನು ಅಂದ್ರೆ ನನ್ನ ಕಡೆ ಇರೋದು ತಾನೇ?

ಗರಗಸದಗಂಗಣ್ಣ
ಅಲ್ಲ!! ಗುರಿ ಕಡೆ ಇರೋದು ಬೆನ್ನು. ನಿನ್ನ ಕಡೆದು ಹೊಟ್ಟೆ. ನೀನು ಯಾವ ಕಡೆ ಗ್ರೈಂಡರ್ ಹಾಕಿದೆ?

ಸಕ್ಕರೆಸೀಮೆಹೈದ
ಹೇಳಲ್ಲ.

ತೋಟದಮನೆ
😄 ಬಿಡು ತಮ್ಮಾ. ಮರ ಒಣಗೋವರೆಗೂ ಕೈ ಸುಮ್ನಿರಲ್ಲ ಅಂದ್ರೆ ಮೈಸೂರು ಬಂಬೂ ಬಜಾರಿಗೆ ಹೋಗಿ ಬಲಿತ ಬಿದಿರು ತಗೊಂಡು ಬಾ, ಮೂರು ವರ್ಷ ದಾಟಿರಬೇಕು. ಹೊರಸಿಪ್ಪೆ ಬೆನ್ನಿಗೆ ಇಟ್ಕೊಂಡು ಒಳಗಡೆ ಹೆರಿ. ಬೇಡ ಅಂದಿದ್ದು ಗೊತ್ತು, ಆದ್ರೂ ಹೇಳ್ತೀನಿ.

ಒಂಟಿಕೊಪ್ಪಲ್‌ಮೇಷ್ಟ್ರು
ಅಮಾವಾಸ್ಯೆ ಹತ್ತಿರ ಕಡಿದ ಬಿದಿರೇ ಎಂದು ಕೇಳಿ ತೆಗೆದುಕೊಳ್ಳಿ. ಇಲ್ಲವಾದರೆ ಕುಟ್ಟೆ ಹಿಡಿಯುತ್ತದೆ.

ಹೆಬ್ಬಾಳವರ್ಕ್‌ಶಾಪ್
ಕುಟ್ಟೆ ಹುಳ ಬರೋದು ಬಿದಿರೊಳಗಿನ ಪಿಷ್ಟಕ್ಕೆ. ಅದು ಪಂಚಾಂಗ ನೋಡಲ್ಲ.

ಒಂಟಿಕೊಪ್ಪಲ್‌ಮೇಷ್ಟ್ರು
ಪಿಷ್ಟ ಯಾವಾಗ ಕಡಿಮೆ ಇರುತ್ತದೆ ಎನ್ನುವುದೇ ಹಿರಿಯರ ಲೆಕ್ಕ. ನಿಮ್ಮ ಬ್ಯಾಂಡ್‌ಸಾಗೆ ಅದು ತಿಳಿಯುವುದಿಲ್ಲ.

(ಅಮಾವಾಸ್ಯೆ ಬಗೆಗಿನ ಮುಂದಿನ 23 ಉತ್ತರಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ಮೇಲ್ವಿಚಾರಕ)

ಸಕ್ಕರೆಸೀಮೆಹೈದ, ಐದು ವಾರದ ಮೇಲೆ
ಮದ್ದೂರ ಹತ್ರ ನಮ್ಮ ಸೋದರಮಾವನ ಹೊಲದ ಬದುವಲ್ಲಿ ಹಿಪ್ಪುನೇರಳೆ ಸಿಕ್ತು. ಬೆಣೆ ಹೊಡೆದು ಸೀಳ್ದೆ. ಒಂದು ಹೋಳು ಹಗ್ಗ ಹೊಸೆದಂಗೆ ತಿರುಚ್ಕೊಂಡು ಸೀಳ್ತು, ಅದು ಒಲೆಗೆ. ಇನ್ನೊಂದು ನೆಟ್ಟಗವೆ. ಎರಡಿಂಚು ಅಗಲಕ್ಕೆ ಬಾಚೀಲಿ ಕೆತ್ತಿ, ತುದಿಗೆ ಫೆವಿಕಾಲ್ ಬಳಿದು ಅಟ್ಟದ ಮೇಲೆ ಇಟ್ಟಿವ್ನಿ. ಮೊದಲ ದಿನ 3 ಕೆಜಿ 150 ಗ್ರಾಂ. ಇವತ್ತು 2 ಕೆಜಿ 720. ಇನ್ನೂ ಇಳೀತಾನೇ ಅದೆ.
ಉದ್ದ ಪೂರಾ ಆರು ಅಡಿ. ಗೂಡ್ಸ್ ಆಟೋಗೆ ಮುನ್ನೂರು ಕೊಟ್ಟೆ.

ಹೆಬ್ಬಾಳವರ್ಕ್‌ಶಾಪ್
ಬ್ಯಾಂಡ್‌ಸಾ ಮಾರ್ತಾ ಇದ್ದೀನಿ, ಹೊಸದು ಬರ್ತಿದೆ. ಬೇಕಾದವರು ಮೆಸೇಜ್ ಮಾಡಿ.