‘ಓವರ್ ಕಾನ್ಫಿಡೆನ್ಸ್’ ಅಂತ ಯಾವಾಗ ಬರೀಬಹುದು?

ಗಾಂಧಿಬಜಾರ್ ಓದುಗ
‘ಅತಿಯಾದ ಓವರ್ ಕಾನ್ಫಿಡೆನ್ಸ್‌ನಿಂದ ಕೈತಪ್ಪಿದ ಪಂದ್ಯ.’ ಇಂಥ ಶೀರ್ಷಿಕೆ ಕ್ರಿಕೆಟ್ ಶುರುವಾದರೆ ದಿನಾ ಕಣ್ಣಿಗೆ ಬೀಳುತ್ತೆ. ಪರೀಕ್ಷೆ ಫಲಿತಾಂಶ, ಚುನಾವಣೆ, ಕೆರೆಗೆ ಇಳಿದು ಮುಳುಗಿದ ಸುದ್ದಿ, ಎಲ್ಲಕ್ಕೂ ಇದೇ ಪದ. ಇದಕ್ಕೆ ಸರಿಯಾದ ಕನ್ನಡ ಯಾವುದು? ಎಲ್ಲ ಕಡೆಗೂ ಒಂದೇ ಪದ ಹೊಂದುತ್ತಾ? ಗೊತ್ತಿರೋರು ಹೇಳಿ.

ಕರಡು ತಿದ್ದುವವಳು
ಮೊದಲು ‘ಅತಿಯಾದ’ ತೆಗೀರಿ. ‘ಓವರ್’ ಅಂದ್ರೇನೇ ಅತಿ.

ಶೀರ್ಷಿಕೆಯಲ್ಲಿ ಜಾಗ ಸಾಲದು ಅಂತ ‘ಅತಿವಿಶ್ವಾಸ’ ಅಂತ ಮೊಟಕು ಮಾಡ್ತಾರೆ. ಅದು ಬೇರೆ ಅರ್ಥಕ್ಕೆ ಎಳೆಯುತ್ತೆ. ‘ಪ್ರೀತಿ ವಿಶ್ವಾಸ ಇರಲಿ’ ಅನ್ನುವಾಗ ವಿಶ್ವಾಸ ಅಂದ್ರೆ ಒಲವು. ‘ಅವಿಶ್ವಾಸ ನಿರ್ಣಯ’ದಲ್ಲಿ ಇನ್ನೊಬ್ಬರ ಮೇಲಿನ ನಂಬಿಕೆ. ಹಾಗಾಗಿ ‘ಅತಿವಿಶ್ವಾಸದಿಂದ ಕೆಟ್ಟ’ ಅಂತ ಬರೆದರೆ ಯಾರನ್ನೋ ನಂಬಿ ಕೆಟ್ಟ ಅಂತಲೇ ಓದಿಕೊಳ್ಳಬಹುದು. ‘ಆತ್ಮ’ ಬಿಡೋ ಹಾಗಿಲ್ಲ. ಸಂಧಿ ಮಾಡಿ ‘ಅತ್ಯಾತ್ಮವಿಶ್ವಾಸ’ ಅಂದ್ರೆ ವ್ಯಾಕರಣ ಸರಿ, ಆದರೆ ಕಣ್ಣು ಅದನ್ನ ‘ಅಧ್ಯಾತ್ಮ’ ಅಂತ ಓದಿಬಿಡುತ್ತೆ. ‘ಅತಿಯಾದ ಆತ್ಮವಿಶ್ವಾಸ’ ಅಂತ ಬಿಡಿಸಿ ಬರೆಯೋದೇ ವಾಸಿ.

ಎರಡನೇ ಪ್ರಶ್ನೆಗೆ ಉತ್ತರ: ಹೊಂದಲ್ಲ. ಈಜು ಬಾರದೆ ಕೆರೆಗೆ ಹಾರಿದ್ದು ಹುಂಬತನ. ಹೆಲ್ಮೆಟ್ ಇಟ್ಟುಕೊಂಡೂ ಹಾಕದೆ ಹೋಗೋದು ಉಡಾಫೆ. ಗೆದ್ದೇಬಿಟ್ವಿ ಅಂತ ಕ್ಯಾಚ್ ಬಿಟ್ಟಿದ್ದು ಮೈಮರೆವು. ಎದುರಾಳಿಯನ್ನ ಹೀಯಾಳಿಸಿದ್ದು ಸೊಕ್ಕು. ಇಷ್ಟು ಪದ ಇಟ್ಕೊಂಡು ಎಲ್ಲಕ್ಕೂ ಒಂದೇ ಲೇಬಲ್ ಅಂಟಿಸಿದರೆ ತಪ್ಪು ಯಾವುದು ಅಂತಲೇ ಓದುಗರಿಗೆ ತಿಳಿಯಲ್ಲ.

ಅಂಕಿಅಂಶದ ಮೇಷ್ಟ್ರು
ಮೇಡಂ ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸ್ತೀನಿ. ಈ ಪದ ಬಹುಪಾಲು ಫಲಿತಾಂಶ ಬಂದ ಮೇಲೆ ಅಂಟಿಸೋದು. ಅದೇ ಬ್ಯಾಟ್ಸ್‌ಮನ್, ಅದೇ ಶಾಟ್. ಚೆಂಡು ಬೌಂಡರಿ ದಾಟಿದರೆ ಆತ್ಮವಿಶ್ವಾಸ, ಗೆರೆ ಹತ್ತಿರ ಕ್ಯಾಚ್ ಆದರೆ ಅತಿಯಾದ ಆತ್ಮವಿಶ್ವಾಸ. ಅವನ ಮನಸ್ಸಿನಲ್ಲಿ ಏನೂ ಬದಲಾಗಿಲ್ಲ, ಬದಲಾಗಿದ್ದು ಎರಡಡಿ ದೂರ.

ಮನಃಶಾಸ್ತ್ರದಲ್ಲಿ ಇದನ್ನ ಮೂರಾಗಿ ಬಿಡಿಸಿದ್ದಾರೆ (ಡಾನ್ ಮೂರ್ ಮತ್ತು ಪಾಲ್ ಹೀಲಿ, 2008). ತನ್ನ ಕೈಲಾಗೋದಕ್ಕಿಂತ ಹೆಚ್ಚು ಆಗುತ್ತೆ ಅಂದುಕೊಳ್ಳೋದು. ಬೇರೆಯವರಿಗಿಂತ ತಾನು ಮೇಲು ಅಂದುಕೊಳ್ಳೋದು. ತನ್ನ ಅಂದಾಜು ತಪ್ಪೋಕೆ ಸಾಧ್ಯವೇ ಇಲ್ಲ ಅಂದುಕೊಳ್ಳೋದು. ಮೂರೂ ಜೊತೆಗೇ ಬರಬೇಕು ಅಂತಿಲ್ಲ. ಕೆಲಸ ಕಷ್ಟದ್ದಾದರೆ ಜನ ತಮಗೆ ಬಂದದ್ದಕ್ಕಿಂತ ಹೆಚ್ಚು ಅಂಕ ಬಂದಿದೆ ಅಂದುಕೊಂಡೂ ‘ಬೇರೆಯವರು ನನಗಿಂತ ಚೆನ್ನಾಗಿ ಮಾಡಿರ್ತಾರೆ’ ಅಂತಾರೆ. ಸುಲಭದ್ದಾದರೆ ತಿರುಗಾಮುರುಗಾ.

ಮಲ್ಲೇಶ್ವರ 8ನೇ ಕ್ರಾಸ್
ಮೇಷ್ಟ್ರೇ, ಎರಡನೇದರ ಬಗ್ಗೆ ತಕರಾರಿದೆ. ‘ಮುಕ್ಕಾಲು ಪಾಲು ಡ್ರೈವರ್‌ಗಳು ತಾವು ಸರಾಸರಿಗಿಂತ ಮೇಲು ಅಂತಾರೆ, ಅದು ಅಸಾಧ್ಯ’ ಅಂತ ಬರೀತಾರಲ್ಲ, ಅಸಾಧ್ಯ ಏನಲ್ಲ. ಹತ್ತು ಜನರಲ್ಲಿ ಒಂಬತ್ತು ಜನ ಒಂದೂ ಅಪಘಾತ ಮಾಡಿಲ್ಲ, ಒಬ್ಬನೇ 10 ಮಾಡಿದ್ದಾನೆ ಅನ್ನಿ. ಸರಾಸರಿ 1. ಒಂಬತ್ತು ಜನ ನಿಜವಾಗಿಯೂ ಸರಾಸರಿಗಿಂತ ಒಳ್ಳೆಯವರೇ.

ಅಂಕಿಅಂಶದ ಮೇಷ್ಟ್ರು
ಒಪ್ಪಿದೆ ಸಾರ್, ಲೆಕ್ಕ ಸರಿ. ಅದಕ್ಕೇ 1981ರಲ್ಲಿ ಮನಃಶಾಸ್ತ್ರಜ್ಞ ಓಲಾ ಸ್ವೆನ್ಸನ್ ಡ್ರೈವರ್‌ಗಳಿಗೆ ಸರಾಸರಿ ಕೇಳಲಿಲ್ಲ, ಸಾಲಿನಲ್ಲಿ ಜಾಗ ಕೇಳಿದರು. ಗುಂಪಿನವರನ್ನೆಲ್ಲ ಕೌಶಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನೀವು ಎಲ್ಲಿರ್ತೀರಿ ಅಂತ. ಕೌಶಲದಲ್ಲಿ ಮೇಲಿನ ಅರ್ಧದಲ್ಲಿದ್ದೀವಿ ಅಂದವರು ಅಮೆರಿಕದ ಗುಂಪಿನಲ್ಲಿ ಶೇ 93, ಸ್ವೀಡನ್ನಿನ ಗುಂಪಿನಲ್ಲಿ ಶೇ 69. ಮೇಲಿನ ಅರ್ಧದಲ್ಲಿ ಹಿಡಿಸೋದು ಶೇ 50 ಮಾತ್ರ. ಕನ್ನಡದಲ್ಲಿ ಬರೆಯುವಾಗ ಅಲ್ಲಿ ‘ಸರಾಸರಿ’ ಹಾಕಬಾರದು, ‘ಮೇಲಿನ ಅರ್ಧ’ ಅಂತಲೇ ಬರೀಬೇಕು.

ಮೂರನೇದನ್ನ, ಅಂದ್ರೆ ತನ್ನ ಅಂದಾಜು ತಪ್ಪಲ್ಲ ಅಂದುಕೊಳ್ಳೋದನ್ನ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹತ್ತು ಪ್ರಶ್ನೆ ಬರೆದುಕೊಳ್ಳಿ, ಉತ್ತರ ಅಂಕಿಯಾಗಿರಬೇಕು. ಲಾಲ್‌ಬಾಗ್ ಎಷ್ಟು ಎಕರೆ, ವಿಧಾನಸೌಧ ಪೂರ್ತಿಯಾದದ್ದು ಯಾವ ವರ್ಷ, ಹೀಗೆ. ಪ್ರತಿಯೊಂದಕ್ಕೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಬರೀರಿ. ಸರಿ ಉತ್ತರ ಅದರೊಳಗೆ ಇರುತ್ತೆ ಅಂತ ಶೇ 90 ಖಾತ್ರಿ ಇರೋಷ್ಟು ಅಗಲ ಇರಲಿ. ಅಳತೆ ಸರಿಯಿದ್ದರೆ ಒಂಬತ್ತು ಒಳಗೆ ಬೀಳಬೇಕು. ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ ಬೀಳುತ್ತೆ. ಎಲ್ಲಿ ಎಡವೋದು ನೋಡಿ: ವಿಧಾನಸೌಧಕ್ಕೆ 1951ರಲ್ಲಿ ಅಡಿಗಲ್ಲು ಹಾಕಿದ್ದು ನೆನಪಿರುತ್ತೆ, ಎರಡು ಮೂರು ವರ್ಷ ಹಿಡಿದಿರಬಹುದು ಅಂತ ‘1953–54’ ಬರೀತಾರೆ. ಪೂರ್ತಿಯಾದದ್ದು 1956. ನೆನಪಿದ್ದ ಒಂದು ಅಂಕಿಗೆ ಅಂಟಿಕೊಂಡು ಮಿತಿ ಕಿರಿದು ಮಾಡಿದ್ದೇ ತಪ್ಪು.

ಮಲ್ಲೇಶ್ವರ 8ನೇ ಕ್ರಾಸ್
ಸರಿ, ಆದರೆ ದಿನಬಳಕೆಯ ಮಾತಿಗೂ ಇಷ್ಟೆಲ್ಲ ಅಳತೆ ಬೇಕಾ? ಜನ ಬಳಸಿದ್ದೇ ಪದದ ಅರ್ಥ. ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು’ ಅನ್ನೋ ಗಾದೆಗೆ ಯಾರೂ ಲೆಕ್ಕ ಕೇಳಲ್ಲ.

ಕರಡು ತಿದ್ದುವವಳು
ಮಾತಿಗೆ ಬೇಡ ಸಾರ್, ಮನೆಯಲ್ಲಿ ಏನಾದರೂ ಅನ್ನಲಿ. ಅಚ್ಚಾಗುವ ಬರಹಕ್ಕೆ ಬೇಕು, ಯಾಕಂದ್ರೆ ಅದು ಆರೋಪ. ಸತ್ತ ಹುಡುಗನ ಮೇಲೂ ಹೊರಿಸ್ತೀವಿ, ಅವನು ಉತ್ತರ ಕೊಡೋಕೆ ಇರಲ್ಲ. ಮತ್ತೆ ನಿಮ್ಮ ಗಾದೆ ಲೆಕ್ಕ ತಪ್ಪದೆ ಇದೆ: ಹೊಲಿಸಿದ್ದು ಮೊದಲು, ಹುಟ್ಟೋದು ಆಮೇಲೆ. ಮುಂಚೆ ಮಾಡಿದ್ದು ಕಣ್ಣೆದುರಿಗಿದೆ. ಶೀರ್ಷಿಕೆಯಲ್ಲಿ ಅದೇ ಇರಲ್ಲ.

ಅಂಕಿಅಂಶದ ಮೇಷ್ಟ್ರು
ಅದೇ ಪಾಯಿಂಟು. ಮುಂಚೆ ಹೇಳಿದ್ದು ದಾಖಲೆಯಲ್ಲಿದ್ದರೆ ಮಾತ್ರ ಈ ಪದಕ್ಕೆ ಆಧಾರ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಪ್ರಬಂಧ ಮುಗಿಸೋಕೆ ಎಷ್ಟು ದಿನ ಬೇಕು ಅಂತ ಮೊದಲೇ ಕೇಳಿ ಬರೆದುಕೊಂಡರು. ಸರಾಸರಿ 33.9 ದಿನ ಅಂದರು. ಎಲ್ಲ ಕೆಟ್ಟರೂ 48.6 ಅಂದರು. ಹಿಡಿದದ್ದು 55.5. ಇಲ್ಲಿ ಧೈರ್ಯವಾಗಿ ಬರೀಬಹುದು.

ಗಾಂಧಿಬಜಾರ್ ಓದುಗ
ಹಾಗಾದ್ರೆ ಆ ಶೀರ್ಷಿಕೆಯನ್ನ ಹೇಗೆ ತಿದ್ದೋದು ಮೇಡಂ?

ಕರಡು ತಿದ್ದುವವಳು
ವರದಿಗಾರನಿಗೆ ಮೂರು ಕೇಳ್ತೀನಿ. ಯಾರು ಹೇಳಿದ್ದು? ಆಟಕ್ಕೆ ಮುಂಚೆ ಏನು ಹೇಳಿದ್ದು? ಆಮೇಲೆ ಎಷ್ಟು ತಪ್ಪಿತು? ನಾಯಕ ‘15ನೇ ಓವರಿಗೇ ಮುಗಿಸ್ತೀವಿ’ ಅಂದಿದ್ದು ನೋಟ್‌ಬುಕ್‌ನಲ್ಲಿದ್ದರೆ ಆ ಮಾತನ್ನೇ ಉದ್ಧರಣ ಚಿಹ್ನೆಯಲ್ಲಿ ಹಾಕಿ, ವಿಶೇಷಣ ಬೇಡ. ಏನೂ ಇಲ್ಲದಿದ್ದರೆ ನಡೆದದ್ದನ್ನ ಬರೀರಿ: ‘ಬೇಕಿದ್ದದ್ದು 28 ರನ್, ಹೋದದ್ದು 6 ವಿಕೆಟ್.’ ನಿಮ್ಮ ಶೀರ್ಷಿಕೆಗಿಂತ ಅಕ್ಷರವೂ ಕಡಿಮೆ.